ಬಾವಿಕಟ್ಟೆಯ ಕೆಂಪು ಚಪ್ಪಲಿ

ಸ್ವಲ್ಪ ಹತ್ತಿರ ಬನ್ನಿ... ಇದನ್ನ ದನಿ ಎತ್ತಿ ಹೇಳೋಕಾಗಲ್ಲ. ನಮ್ಮ ಚಿಕ್ಕಮ್ಮನ ಮಗನಿಗೇ ಆದದ್ದು. ಅವನು ಇನ್ನೂ ಇದ್ದಾನೆ, ಬೇಕಾದರೆ ಹೋಗಿ ಕೇಳಿ. ಬಾಯಿ ಬಿಡೋದಿಲ್ಲ, ಅದು ಬೇರೆ ಮಾತು.

ಆವತ್ತು ಅವನು ಪತ್ರಿಕೆ ಆಫೀಸಿಂದ ಹೊರಟಾಗ ತಡವಾಗಿತ್ತು. ಕೊನೇ ಬಸ್ಸು ಹೋಗಿತ್ತು. ಅಂಗಡಿಗಳ ಷಟರ್ ಎಲ್ಲ ಇಳಿದಿದ್ದವು. ನಡೆದೇ ಬಂದ. ಅವನ ಗಲ್ಲಿಗೆ ತಿರುಗೋ ಮೂಲೆಯಲ್ಲಿ ಒಂದು ಹಳೇ ಬಾವಿ, ಮೊಣಕಾಲೆತ್ತರದ ಕಟ್ಟೆ. ಪಕ್ಕದ ಬೀದಿದೀಪ ಜಿಂಯ್... ಅಂತ ಸದ್ದು ಮಾಡ್ತಾ ಉರೀತಿತ್ತು. ಬಾವಿ ದಾಟಿದ. ಹಿಂದಿನಿಂದ ಕೇಳಿಸಿತು.

ಟಕ್.

ನಿಂತ. ಏನೂ ಇಲ್ಲ. ಮತ್ತೆ ಹೆಜ್ಜೆ ಇಟ್ಟ.

ಟಕ್... ಪಚಕ್. ಟಕ್... ಪಚಕ್.

ಒಂದು ಕಾಲಲ್ಲಿ ಎತ್ತರ ಹಿಮ್ಮಡಿಯ ಚಪ್ಪಲಿ. ಇನ್ನೊಂದು ಬರಿಗಾಲು, ಅದೂ ಒದ್ದೆ. ತಿರುಗಿ ನೋಡದೇನೇ ಅವನಿಗೆ ಗೊತ್ತಾಯ್ತು. ಗೊತ್ತಾಗದೆ ಏನು? ಆ ಸದ್ದನ್ನ ಬರೆದವನೇ ಅವನು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅವನು ವಾರಪತ್ರಿಕೆಗೆ ದೆವ್ವದ ಧಾರಾವಾಹಿ ಬರೀತಿದ್ದ. ಪ್ರತಿ ಕಂತೂ ಬಾಗಿಲು ಅರ್ಧ ತೆರೆದಿರುವಾಗಲೇ ನಿಂತುಬಿಡೋದು. ಗಲ್ಲಿಯ ಮಕ್ಕಳು ಅವನಿಗೆ 'ಮುಂದಿನ್ವಾರ' ಅಂತಲೇ ಹೆಸರಿಟ್ಟಿದ್ದವು. ಹೆಂಡತಿಯೂ ಅಷ್ಟೇ. ಸೋರೋ ನಲ್ಲಿ ಯಾವಾಗ ರಿಪೇರಿ ಮಾಡಿಸ್ತೀರಿ ಅಂತ ಕೇಳಿ, ಉತ್ತರ ಬರೋ ಮೊದಲೇ "ಗೊತ್ತು, ಮುಂದಿನ ವಾರ" ಅಂತ ತಾನೇ ಹೇಳಿ ಒಳಗೆ ಹೋಗೋಳು.

ಊಟಕ್ಕೆ ಕೂತಾಗ ಅವಳಿಗೆ ತನ್ನ ಕಸುಬಿನ ಗುಟ್ಟು ಹೇಳೋದು ಅವನಿಗೊಂದು ಚಟ. "ನೋಡು, ಕತೇನ ಮೊದಲಿಂದ ಶುರು ಮಾಡಬಾರದು. ನಡುವಿಗೇ ಕೈ ಹಾಕಬೇಕು. ಓದೋನ ಕಿವಿಗೊಂದು ಸದ್ದು, ಮೂಗಿಗೊಂದು ವಾಸನೆ. ಮುಖ ಪೂರ್ತಿ ತೋರಿಸಬಾರದು. ಇನ್ನು ಕೆಟ್ಟ ವಿಷಯ ಇದೆಯಲ್ಲ, ಅದನ್ನ ಹೇಳಲೇಬಾರದು. ಸುಳಿವು ಕೊಟ್ಟು ಸುಮ್ಮನಾಗಬೇಕು. ಉಳಿದ ಹೊಲಸನ್ನ ಓದೋನೇ ತುಂಬ್ಕೋತಾನೆ."

"ಉಣ್ಣೋ ಹೊತ್ತಲ್ಲಿ ಹೊಲಸಿನ ಮಾತು ಯಾಕೆ?" ಅಂದಳು ಅವಳು.

ಅದೇ ಗಲ್ಲಿಯಲ್ಲಿ ಒಂದು ಇಸ್ತ್ರಿ ಅಂಗಡಿ. ತಾಯಿ, ಮಗಳು ಇಬ್ಬರೇ. ಮಗಳದ್ದು ಮಾತೂ ಮೆತ್ತಗೆ, ನಡಿಗೆಯೂ ಮೆತ್ತಗೆ. ಪಕ್ಕದಲ್ಲಿ ಬಂದು ನಿಂತರೂ ಗೊತ್ತಾಗ್ತಿರಲಿಲ್ಲ. ಒಂದು ರಾತ್ರಿ ಪಂಪು ಕೆಟ್ಟು ನಲ್ಲಿ ಒಣಗಿತ್ತು. ಬಟ್ಟೆಗೆ ಚಿಮುಕಿಸೋಕೆ ಒಂದಿಷ್ಟು ನೀರು ಸೇದ್ಕೊಂಡು ಬರ್ತೀನಿ ಅಂತ ಹೋದವಳು ಕಾಲು ಜಾರಿ ಬಾವಿಗೆ ಬಿದ್ದಳು. ಅಷ್ಟೇ. ಅದರಲ್ಲಿ ಗುಟ್ಟೂ ಇರಲಿಲ್ಲ, ಕತೆಯೂ ಇರಲಿಲ್ಲ. ಎಲ್ಲೆಲ್ಲೋ ಹುಡುಕಿ, ಕೊನೆಗೆ ತೇಲಿದ ಮೇಲೆ ಎತ್ತಿದರು. ಜನ ಮೂಗು ಮುಚ್ಕೊಂಡು ಮುಖ ತಿರುಗಿಸಿದರು. ಇವನು ಮಾತ್ರ ಒಂದು ಹೆಜ್ಜೆ ಮುಂದೆ ಬಂದು ಬಗ್ಗಿ ನೋಡಿದ. ಚರ್ಮದ ಬಣ್ಣ, ಬಾಯಿಗೆ ಮೆತ್ತಿದ ಪಾಚಿ... ಎಲ್ಲ ಮನಸ್ಸಿನಲ್ಲೇ ಬರ್ಕೊಂಡ.

ಹೊಸ ಧಾರಾವಾಹಿಯಲ್ಲಿ ಅವಳೇ ದೆವ್ವ. ಅದೇ ಬಾವಿ, ಅದೇ ಇಸ್ತ್ರಿ ಅಂಗಡಿ, ಮಣಿಕಟ್ಟಿನ ಮೇಲೆ ಇಸ್ತ್ರಿಪೆಟ್ಟಿಗೆ ಸುಟ್ಟ ಅದೇ ಗುರುತು. ಸಂಪಾದಕರು ಓದಿ, "ಚೆನ್ನಾಗಿದೆ, ಆದರೆ ಸಪ್ಪೆ. ಬರಿಗಾಲಲ್ಲಿ ನೀರು ಸೇದೋಕೆ ಹೋದವಳ ಹಿಂದೆ ಓದುಗ ಯಾಕ್ರೀ ಬರ್ತಾನೆ?" ಅಂದರು.

ಇವನು ಅಲ್ಲೇ ಕೂತು ಅವಳ ಕಾಲಿಗೆ ಕೆಂಪು ಚಪ್ಪಲಿ ಹಾಕಿದ. ಎತ್ತರ ಹಿಮ್ಮಡಿ, ಹೊಳೆಯೋ ಬಕಲ್ಲು. ಒಂದು ನೀರಲ್ಲಿ ಕಳೆದುಹೋಗಿದೆ, ಒಂದು ಕಾಲಲ್ಲೇ ಉಳಿದಿದೆ. ಅಷ್ಟು ಹೊತ್ತಲ್ಲಿ ಅಂಥ ಚಪ್ಪಲಿ ಮೆಟ್ಕೊಂಡು ಯಾರನ್ನ ನೋಡೋಕೆ ಹೋಗಿದ್ದಳು? ಅದನ್ನ ಬರೆಯಲಿಲ್ಲ. ಮೂರು ಚುಕ್ಕಿ ಇಟ್ಟು ಬಿಟ್ಟ.

ಆ ಮೂರು ಚುಕ್ಕಿಯನ್ನ ಊರೇ ತುಂಬಿಸಿತು. ಪತ್ರಿಕೆ ಬಂದ ಹಾಗೇ ಖಾಲಿ. ಟೀ ಅಂಗಡಿಯಲ್ಲಿ ಗಂಡಸರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಮಕ್ಕಳು ಇಸ್ತ್ರಿ ಅಂಗಡಿ ಮುಂದೆ ಟಕ್ ಪಚಕ್ ಅಂತ ಕುಂಟಿ ಆಡಿದವು. ಒಂದು ಸಂಜೆ ಆ ತಾಯಿ ಇವನ ಬಾಗಿಲಿಗೆ ಬಂದರು.

"ನನ್ನ ಮಗಳ ಹತ್ತಿರ ಅಂಥ ಚಪ್ಪಲಿ ಇರಲಿಲ್ಲಪ್ಪ."

"ಅಮ್ಮ, ಅದು ಕತೆ. ಅದು ನಿಮ್ಮ ಮಗಳಲ್ಲ."

"ಕೈ ಮೇಲಿನ ಸುಟ್ಟ ಗುರುತು ಅವಳದ್ದೇ. ಚಪ್ಪಲಿ ಒಂದೇ ಅವಳದ್ದಲ್ಲ."

ಅವರು ಹೋದರು. ಇವನು ಅಂಗಿ ಬದಲಾಯಿಸಿ ಆಫೀಸಿಗೆ ಹೊರಟ. ಕೊನೇ ಕಂತಿನಲ್ಲಿ ಒಬ್ಬ ಗಂಡಸನ್ನ ತರೋದು ಅಂತ ಸಂಪಾದಕರ ಜೊತೆ ಕೂತು ಗೊತ್ತುಮಾಡಿದ. ಅದು ಮುಗಿಸಿ ಬರ್ತಿದ್ದಾಗಲೇ ಬಾವಿ ಹತ್ತಿರ...

ಟಕ್... ಪಚಕ್.

ಮೊದಲು ವಾಸನೆ ಬಂತು. ಅವನು ಬರೆದದ್ದು 'ಕೊಳೆತ ಹೂವಿನ ವಾಸನೆ' ಅಂತ. ಹೂವಲ್ಲ ಅದು. ಬೇಸಿಗೆ ಮಧ್ಯಾಹ್ನದಲ್ಲಿ ಮಾಂಸದಂಗಡಿ ಹಿಂದಿನ ಮೋರಿ ಇರುತ್ತಲ್ಲ... ಹಾಗೆ. ನಾಲಗೆಗೇ ಅಂಟೋ ಅಂಥದ್ದು.

ತಿರುಗಿದ. ಅವಳು ಕಟ್ಟೆ ಮೇಲೆ ಕೂತಳು. ದೊಪ್... ಒದ್ದೆ ಬಟ್ಟೆ ಗಂಟು ಇಟ್ಟ ಹಾಗೆ. ಕೂದಲು ಜೋತು ಅರ್ಧ ಮುಖ ಮಾತ್ರ ಕಾಣ್ತಿತ್ತು, ಅವನು ಬರೆದಿದ್ದ ಹಾಗೇ. ಕಾಲು ಮುಂದೆ ಚಾಚಿದಳು.

"ಬಿಚ್ಚು."

"ಏ... ಏನು?"

"ನಂದಲ್ಲ ಇದು. ನೀನು ಹಾಕಿದ್ದು. ಬಿಚ್ಚು."

ಓಡೋಕೆ ನೋಡಿದ. ಮೊಣಕಾಲು ತಾವಾಗೇ ನೆಲಕ್ಕೆ ಊರಿದವು. ಕಾಲು ಊದಿ, ಚಪ್ಪಲಿ ಪಟ್ಟಿ ಮಾಂಸದೊಳಗೆ ಹೂತುಹೋಗಿತ್ತು. ಬಕಲ್ಲು ಸಿಗಬೇಕಾದರೆ ಬೆರಳನ್ನ ಒಳಗೆ ತೂರಿಸಬೇಕಾಯ್ತು. ತಣ್ಣಗೆ... ಲೋಳೆಯಾಗಿ... ನೀರಲ್ಲಿ ನೆನೆದು ಕರಗಿದ ಸೋಪಿನ ಹಾಗೆ. ಎಳೆದ. ಚರ್ಮ ಕಾಲುಚೀಲದ ಹಾಗೆ ಜಾರಿ ಅವನ ಅಂಗೈಗೆ ಬಂತು. ಪಕ್ಕಕ್ಕೆ ತಿರುಗಿ ಕಕ್ಕಿದ. ಬಾಯಿ ಒರೆಸ್ಕೊಳ್ಳೋಕೆ ಕೈ ಎತ್ತಿದ... ಆ ಕೈ ನೋಡಿ ಮತ್ತೆ ಕಕ್ಕಿದ.

ಅಷ್ಟರಲ್ಲೂ ಅವನ ತಲೆಯ ಒಂದು ಮೂಲೆ ಮೆಲ್ಲಗೆ ಹೇಳಿತು... 'ಕಾಲುಚೀಲದ ಹಾಗೆ... ಚೆನ್ನಾಗಿದೆ, ನೆನಪಿಟ್ಕೋ.'

ಅದು ಅವನಿಗೆ ಕೇಳಿಸಿತು. ಕೈಯಲ್ಲಿದ್ದ ಚರ್ಮಕ್ಕಿಂತ ಅದೇ ಹೇಸಿಗೆ ಅನ್ನಿಸಿತು. ಆಗ ಅತ್ತ. ಅಳ್ತಾ ಅಳ್ತಾ ಬೆರಳು ಇನ್ನೂ ಒಳಗೆ ತೂರಿಸಿದ. ಕಿರ್ರ್... ಟಪ್. ಬಕಲ್ಲು ಬಿಟ್ಕೊಂಡಿತು. ಚಪ್ಪಲಿಯನ್ನ ಬಾವಿಗೆ ಎಸೆದ. ನೀರಿಗೆ ಬೀಳೋ ಸದ್ದಿಗೆ ಕಾದ...

ಬರಲಿಲ್ಲ.

ಅವಳು ಎದ್ದು ಇಸ್ತ್ರಿ ಅಂಗಡಿ ಕಡೆ ನಡೆದುಹೋದಳು. ಸದ್ದೇ ಇಲ್ಲ.

ಮಾರನೇ ದಿನ ಅವನು ಬರೆದ ಕೊನೇ ಕಂತು ಒಂದೇ ಪುಟ. ಚಪ್ಪಲಿ ಸುಳ್ಳು, ಗಂಡಸು ಯಾರೂ ಇರಲಿಲ್ಲ, ನೀರಿಗೆ ಹೋದವಳು ಜಾರಿ ಬಿದ್ದಳು ಅಂತ. ಸಂಪಾದಕರು ಅದನ್ನ ಕಸದ ಬುಟ್ಟಿಗೆ ಹಾಕಿ ಇನ್ನೊಬ್ಬರ ಕೈಲಿ ಮುಗಿಸಿದರು. ಕತೆಗೆ ಗಂಡಸು ಬಂದೇ ಬಂದ. ಇವನು ಇಸ್ತ್ರಿ ಅಂಗಡಿಗೆ ಹೋಗಿ, ತಪ್ಪಾಯ್ತಮ್ಮ, ಇನ್ನು ಬರೆಯೋದಿಲ್ಲ ಅಂದ. ಆ ತಾಯಿ ಇಸ್ತ್ರಿ ನಿಲ್ಲಿಸಲಿಲ್ಲ. ಚುಸ್... ಅಂತ ಹಬೆ ಎದ್ದಿತು.

"ಓದಿದವರ ಮನೆಮನೆಗೂ ಹೋಗಿ ಹೇಳ್ತೀಯೇನಪ್ಪ?"

ಹೋದ ಕೂಡ. ಗಲ್ಲಿಯ ಒಂದೊಂದೇ ಬಾಗಿಲು ತಟ್ಟಿದ. ಜನ ಒಳಗೆ ಕರೆದು, ಕೂರಿಸಿ, ಟೀ ಕೊಟ್ಟು, ಅವನು ಹೇಳಿದ್ದನ್ನೆಲ್ಲ ಕೇಳಿಸ್ಕೊಂಡರು. ಆಮೇಲೆ ಕುರ್ಚಿ ಹತ್ತಿರ ಎಳ್ಕೊಂಡು, ದನಿ ತಗ್ಗಿಸಿ ಕೇಳಿದರು.

"ಅದಿರಲಿ... ಆ ಗಂಡಸು ಯಾರು, ನಮಗಾದರೂ ಹೇಳಿ."

ಅವರ ಮನೆ ಟೀಯನ್ನ ಅವನು ಮೆಟ್ಟಿಲ ಹತ್ತಿರ ಉಗಿದು ಬಂದ.

ಆಮೇಲೆ ಅವನು ಪೆನ್ನು ಮುಟ್ಟಲಿಲ್ಲ. ಈಗ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಮೊಳೆ ತೂಗಿ ಕೊಡ್ತಾನೆ. ಇದು ಕಟ್ಟಿದ್ದಲ್ಲ, ನಡೆದದ್ದು. ನಂಬಿಕೆ ಇಲ್ಲದಿದ್ದರೆ ಅವನ ಅದೇ ಕೈಯಿಂದ ಒಂದು ಪೊಟ್ಟಣ ಮೊಳೆ ತಗೊಂಡು ಬನ್ನಿ. ಹೊಸ ಮೊಳೆ, ಪೆಟ್ಟಿಗೆ ಒಡೆದು ನಿಮ್ಮ ಕಣ್ಣೆದುರೇ ಹಾಕಿ ಕೊಡ್ತಾನೆ. ಮನೆಗೆ ಬಂದು ಬಿಚ್ಚೋ ಹೊತ್ತಿಗೆ ಕಾಗದ ಒದ್ದೆಯಾಗಿರುತ್ತೆ... ಮೊಳೆ ಪೂರ್ತಿ ತುಕ್ಕು.