ಸಾಮಿಯ ಹೋರಿಗೆ ಒಡೆಯ

ಮುನಿಸಿಪಾಲಿಟಿ ಕಚೇರಿಯ ಜಗಲಿಯಲ್ಲಿ ಅಪ್ಪನಿಗಾಗಿ ಕಾದಿದ್ದೆ. ಪಕ್ಕದಲ್ಲಿ ಕಂಬಂ ಊರಿನ ಕಡೆ ಸಾಮಿಗೆ, ಅಂದರೆ ದೇವರಿಗೆ, ಬಿಟ್ಟ ದನದ ಹಿಂಡನ್ನು ಮೇಯಿಸುವ ಅಯ್ಯಾವು, ಅವನ ಅಕ್ಕ ಮಾರಿಯಮ್ಮಾಳ್. ಚರಂಡಿಗೆ ತೋಡಿದ ಗುಂಡಿಗೆ ಬಿದ್ದು ಹಿಂಡಿನ ಹೋರಿ ಸತ್ತಿತ್ತು.

“ಒಡೆಯನ ಹೆಸರಿಲ್ಲದೆ ನಷ್ಟದ ಅರ್ಜಿ ತಗೊಳ್ಳಲ್ವಂತೆ ಅಕ್ಕಾ.”

“ಸಾಮಿ ಹೆಸರು ಹೇಳು.”

“ಹೇಳ್ದೆ. ಸಾಮಿ ಬಂದು ರುಜು ಹಾಕ್ತಾರಾ ಅಂತ ಗುಮಾಸ್ತ ನಕ್ಕ.”

“ಹಾಗಾದ್ರೆ ಬಾ, ಹೋಗಾಣ.”

“ಅರ್ಜಿ ಇಲ್ಲದೆ ಗುಂಡಿ ಮುಚ್ಚಲ್ಲ. ಮಿಕ್ಕ ದನವೂ ಅದೇ ದಾರೀಲಿ ಬರಬೇಕು. ನಂದೇ ಹೋರಿ ಅಂತೀನಿ.”

“ಸಾಮಿ ದನವನ್ನ ನಂದು ಅಂದವನನ್ನ ದೊಡ್ಡಿ ಒಳಗೆ ಬಿಡಲ್ಲ ಕಣೋ.”

“ಗೊತ್ತು.”

“ಆಮೇಲೆ ಮೇಯಿಸೋರು ಯಾರು?”

“ಭಾವ ಇದಾರಲ್ಲ. ನಾನು ಬೇಲಿ ಆಚೆ ನಿಂತು ನೋಡ್ಕೊಂಡಿರ್ತೀನಿ.”

ಅಕ್ಕ ಅವನ ಹೆಗಲ ಮೇಲಿನ ವಸ್ತ್ರ ಸರಿಮಾಡಿದಳು. ಇಬ್ಬರೂ ಎದ್ದು ಗುಮಾಸ್ತನ ಬಳಿಗೆ ಹೋದರು.