ಇಂಡಿಯ ಸುತ್ತುದಾರಿ

ಇಂಡಿ ಊರೊಳಗಿನ ದೊಡ್ಡ ರಸ್ತೆಯನ್ನು ಮುಚ್ಚಿದ್ದರಿಂದ ನಮ್ಮ ಸಿಂದಗಿ ಬಸ್ಸು ಹೊಲಗಳ ನಡುವಿನ ಸಣ್ಣ ದಾರಿಗೆ ಇಳಿದು, ಅಲ್ಲೇ ಸಿಕ್ಕಿಬಿದ್ದಿತ್ತು. ನನ್ನ ಮುಂದಿನ ಸೀಟಿನಲ್ಲಿ ನೆರೆಮನೆಯವರಂತೆ ಕಂಡ ಇಬ್ಬರು ಹೆಂಗಸರು ಕೂತಿದ್ದರು.

“ಡ್ರೈವರನ್ನ ಕೇಳ್ಲೇನು, ಸಿದ್ದೀಕಾ?”

“ಕೇಳಿ ಏನ್ಮಾಡ್ತಿ, ಶಂಕ್ರೆವ್ವಕ್ಕಾ. ಮುಂದ ಕಬ್ಬಿನ ಟ್ರ್ಯಾಕ್ಟರ್ ನಿಂತಾವ.”

“ರಸ್ತಿ ಅಗದು ಹೋದವ್ರು ಹೊಳ್ಳಿ ಬಂದಿಲ್ಲ ನೋಡು. ನಿಮ್ಮಕ್ಕನ ಮಗಗ ಫೋನ್ ಹಚ್ಚು. ತಾಯಿ ಹೆಣಾ ಇನ್ನೊಂದೀಟು ಹೊತ್ತು ಇಟ್ಟಿರು ಅನ್ನು.”

“ಆಗ್ಲೇ ಹಚ್ಚಿದ್ದೆ, ಭಾಳ ತಡದಾರ. ನಮಾಜ ಮುಗದೈತಿ, ಇನ್ನ ಎತ್ತತಾರ.”

“ಹಂಗಾರ ಖಬರಸ್ತಾನಕ್ಕ ಹೋಗೂಣು. ನಮ್ಮಾಗ ಮಣ್ಣ ಕೊಡೂಮುಂದೂ ಮುಖಾ ನೋಡ್ತೇವಿ.”

“ನಮ್ಮಾಗ ಹೆಣ್ಮಕ್ಕಳು ಅಲ್ಲಿಗೆ ಹೋಗಂಗಿಲ್ಲಕ್ಕಾ. ಮುಖಾ ನೋಡೂದು ಮನ್ಯಾಗ ಅಷ್ಟ.”

ಎದುರಿನಿಂದ ಗಂಡಸರ ಗುಂಪೊಂದು ಬಂತು. ಹೆಗಲ ಮೇಲೆ ಹಸಿರು ಚಾದರ ಹೊದಿಸಿದ ಜನಾಜಾ. ಊರೊಳಗಿನ ದಾರಿ ಅವರಿಗೂ ಮುಚ್ಚಿತ್ತು. ಬಸ್ಸಿನ ಕೆಲವು ಗಂಡಸರು ಇಳಿದು ನಾಲ್ಕು ಹೆಜ್ಜೆ ಹೆಗಲು ಕೊಟ್ಟರು.

“ಸಿದ್ದೀಕಾ, ಮುಂದಿದ್ದಾವ ಅಮೀರ ಅಲ್ಲೇನು?”

“ಹೂಂ. ಅಕ್ಕನ ಮಗನ.”

“ಇಳದು ಕೇಳ್ತೇನಿ. ಒಂದ್ಸಲ ಚಾದರ ಸರಸ್ರಿ ಅಂತೇನಿ.”

“ಬ್ಯಾಡ. ನಡುದಾರ್ಯಾಗ ಇಳಸಂಗಿಲ್ಲ. ಗುರ್ತಿಲ್ಲದವ್ರು ಸೈತ ಹೆಗಲು ಕೊಡಾಕತ್ತಾರ, ನಾ ಕಿಟಕ್ಯಾಗ ಕುಂತೇನಿ.”

ಗುಂಪು ಬಸ್ಸನ್ನು ದಾಟಿತು. ಶಂಕ್ರೆವ್ವ ಸೀಟಿನ ಕೆಳಗಿದ್ದ ಚೀಲ ಎತ್ತಿಕೊಂಡರು.

“ನಿಮ್ಮಕ್ಕನ ಮನಿಗೆ ಹೋಗೂಣೇನು?”

“ಹೋಗಬೇಕಲ್ಲ. ಆಕಿ ಮೈಗೆ ಕಡೀ ನೀರು ಹಾಕಿದ ಜಾಗಾ ಇನ್ನಾ ಹಸಿ ಇದ್ದೀತು.”

ಇಬ್ಬರೂ ಇಳಿದು, ಜನಾಜಾ ಹೋದ ದಿಕ್ಕಿಗೆ ಬೆನ್ನು ಮಾಡಿ, ಟ್ರ್ಯಾಕ್ಟರುಗಳ ಸಂದಿಯಲ್ಲಿ ಊರಿನ ಕಡೆ ನಡೆದರು.