ಕೆಂಚಯ್ಯನ ಬಾವಿ ಹತ್ತಿರ ಕೇಳಿದ ಸದ್ದು

ನಂಬೋದು ಬಿಡೋದು ನಿಮಗೆ ಸೇರಿದ್ದು. ಇದು ನಮ್ಮ ಪಕ್ಕದ ಮನೆ ನಂಜುಂಡೇಶನಿಗೆ ಆದದ್ದು, ಹೋದ ಸಂಕ್ರಾಂತಿ ಹಿಂದಿನ ವಾರ.

ಅರಕಲಗೂಡಿನ ಕೊನೇ ಬಸ್ಸು ದಾರಿಯಲ್ಲಿ ಕೆಟ್ಟು, ಅವನು ಊರ ಸ್ಟಾಪಿನಲ್ಲಿ ಇಳಿದಾಗ ರಾತ್ರಿ ಹತ್ತೂವರೆ. ಅಲ್ಲಿಂದ ಒಂದು ಮೈಲಿ ನಡಿಗೆ. ನಡುವೆ ಕೆಂಚಯ್ಯನ ಬಾವಿ.

ಕೆಂಚಯ್ಯ ಸತ್ತು ಎಂಟು ತಿಂಗಳಾಗಿತ್ತು. ಅದಕ್ಕೂ ಮುಂಚೆ ಅವನಿಗೂ ನಂಜುಂಡೇಶನಿಗೂ ಒಂದೇ ವಾರ ಹೃದಯದ ಆಪರೇಷನ್ ಆಗಿ, ಲೋಹದ ವಾಲ್ವ್ ಕೂರಿಸಿದ್ದರು. ಅಕ್ಕಪಕ್ಕದ ಮಂಚ. ವಾರ್ಡ್ ಮಲಗಿದ ಮೇಲೆ ಇಬ್ಬರ ಎದೆಯೂ ಗೋಡೆ ಗಡಿಯಾರದ ಹಾಗೆ ಟಿಕ್... ಟಿಕ್... ಅನ್ನೋದು. ವಾಲ್ವಿಗೆ ರಕ್ತ ಹೆಪ್ಪುಗಟ್ಟದಿರಲಿ ಅಂತ ದಿನಾ ಒಂದು ಮಾತ್ರೆ, ಬದುಕಿರೋವರೆಗೂ. ಗಟ್ಟಿಯಾದೆ ಅಂತ ಕೆಂಚಯ್ಯ ಅದನ್ನು ಬಿಟ್ಟ. ವಾಲ್ವ್ ಕಚ್ಚಿಕೊಂಡು ಹೋಗೇಬಿಟ್ಟ.

ಕೆಟ್ಟ ಮೇಲೆ ಬುದ್ಧಿ ಬರೋದು ನಮ್ಮ ಜನಕ್ಕೆ. ನಂಜುಂಡೇಶನಿಗೆ ಪಕ್ಕದವನು ಕೆಟ್ಟ ಮೇಲೂ ಬರಲಿಲ್ಲ. ಶುಂಠಿ ಕೀಳುವಾಗ ಗುದ್ದಲಿ ತಾಗಿ, ಕಾಲಿನ ರಕ್ತ ಅರ್ಧ ದಿನ ನಿಲ್ಲಲಿಲ್ಲ. ಗಾಯ ಮಾಯಲಿ ಅಂತ ಮಾತ್ರೆ ನಿಲ್ಲಿಸಿದ. ಬೈತಾಳೆ ಅಂತ ಹೆಂಡತಿ ಸರಸಮ್ಮನಿಗೂ ಹೇಳಲಿಲ್ಲ.

ಬಾವಿ ಹತ್ತಿರ ಬರೋ ಹೊತ್ತಿಗೆ ಏದುಸಿರು ಹತ್ತಿತು. ಎರಡು ದಿನದಿಂದ ಹಾಗೇ ಆಗ್ತಿತ್ತು. ಕಟ್ಟೆ ಹಿಡಿದು ನಿಂತ. ಒಂದು ಎಲೆಯೂ ಅಲ್ಲಾಡುತ್ತಿಲ್ಲ. ಕೆಳಗೆ ನೀರಿಗೆ ಏನೋ ಬಿತ್ತು... ಬುಳಕ್.

ಆಮೇಲೆ... ಟಿಕ್... ಟಿಕ್... ಟಿಕ್...

ನನ್ನದೇ ಅಂದುಕೊಂಡ. ಎರಡು ಹೆಜ್ಜೆ ಮುಂದೆ ಇಟ್ಟ. ಸದ್ದು ಹಿಂದೇ ಉಳಿಯಿತು.

"ಮಾತ್ರೆ ನುಂಗ್ದೇನ್ಲಾ ನಂಜುಂಡಾ?"

ಪಿಸುದನಿ. ಕೆಂಚಯ್ಯನದೇ. ತಿರುಗಿ ನೋಡೋಕೆ ಕತ್ತು ಬರಲಿಲ್ಲ.

"ನುಂಗ್ದೆ ಕಣಣ್ಣ..."

ದೆವ್ವಕ್ಕೂ ಸುಳ್ಳು ಹೇಳಿದ ನೋಡಿ. ಟಿಕ್ ಟಿಕ್ ಹತ್ತಿರ ಬಂತು... ಇನ್ನೂ ಹತ್ತಿರ... ಕಿವಿ ಪಕ್ಕದಲ್ಲೇ ನಿಂತಿತು.

"ನಿಂದು ಕೇಳ್ತಾನೇ ಇಲ್ವಲ್ಲೋ."

ನಂಜುಂಡೇಶ ಎದೆಗೆ ಅಂಗೈ ಒತ್ತಿ ಉಸಿರು ಹಿಡಿದ. ಎದೆ ಬಡಿಯುತ್ತಿತ್ತು. ಆದರೆ ಒಂದು ದಿನವೂ ತಪ್ಪದ ಆ ಸದ್ದು... ಇರಲಿಲ್ಲ. ಸಾವಿನ ಭಯ ಅಂದರೇನು ಅಂತ ಅವನಿಗೆ ಆಗ ಗೊತ್ತಾಯಿತಂತೆ.

ಹೇಗೆ ಬಂದನೋ, ಹೊಸ್ತಿಲಲ್ಲಿ ಕುಸಿದ. ಮಾತಿಲ್ಲ. ನಾನೇ ನನ್ನ ಓಮ್ನಿಯಲ್ಲಿ ಅವನನ್ನೂ ಸರಸಮ್ಮನನ್ನೂ ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎದೆಯ ಎಕೋ ಸ್ಕ್ಯಾನ್ ಮಾಡಿದರು. ವಾಲ್ವಿಗೆ ಹೆಪ್ಪು ಕಟ್ಟಿತ್ತು, ಹೃದಯದ ಪಂಪಿಂಗ್ ಅರ್ಧಕ್ಕೆ ಇಳಿದಿತ್ತು. ಹೆಪ್ಪು ಕರಗಿಸೋ ಔಷಧಿ ಹಾಕಿದರು. ನಾಲ್ಕನೇ ದಿನ ಟಿಕ್ ಅಂತು. ಸರಸಮ್ಮ ಗೋಡೆಗೆ ಒರಗಿ ಅತ್ತಳು.

ಮಾತ್ರೆ ಬಿಟ್ಟದ್ದು ಮೊದಲೇ ಗೊತ್ತಾದದ್ದಕ್ಕೆ ತಡವಾಗಲಿಲ್ಲ, ಇಲ್ಲದಿದ್ದರೆ ಕಷ್ಟ ಇತ್ತು ಅಂದರು ಡಾಕ್ಟರು. ನನಗೆ ಅರ್ಥವಾಗಲಿಲ್ಲ. ನಮಗೇ ಗೊತ್ತಿರಲಿಲ್ಲವಲ್ಲ! ಕೇಸ್ ಶೀಟ್ ನೋಡಿದೆ. ಬಂದ ರಾತ್ರಿಯೇ ಬರೆದಿದ್ದರು, ಮಾತ್ರೆ ಬಿಟ್ಟು ಹನ್ನೊಂದು ದಿನ ಅಂತ. ನಂಜುಂಡೇಶ ಬೆರಳು ಮಡಿಸಿ ಲೆಕ್ಕ ಹಾಕಿದ. ಹನ್ನೊಂದೇ.

ಯಾರು ಬರೆಸಿದ್ದು ಅಂತ ಸಿಸ್ಟರ್ ಕವನಾನ ಕೇಳಿದೆ.

"ನಿಮ್ ಜೊತೇಲೇ ಗಾಡಿ ಇಳಿದ್ರಲ್ಲ, ಟವಲ್ ಹೊದ್ದಿದ್ದೋರು, ಅವ್ರೇ."

ಓಮ್ನಿಯಲ್ಲಿದ್ದದ್ದು ನಾವು ಮೂರೇ ಜನ. ಬಾಗಿಲು ಹಾಕಿದವನು ನಾನು.